ಆರು ಖಾತೆ ಆದ ಮೇಲೆ ಏಳನೆಯವರಿಗೆ ಬಾಗಿಲು ಇಲ್ಲ: ಹಳ್ಳಿ ಲೈಬ್ರರಿಯ ವಿಕಿಪೀಡಿಯ ತಂಡ, ನೆಟ್ ಕಂಪನಿ ಮತ್ತು ನಾನು. ದಾರಿ ಗೊತ್ತಿದ್ದವರು ಹೇಳಿ

ಕೆಮ್ಮಣ್ಣು (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಾನು ಸಾಗರ ತಾಲ್ಲೂಕಿನ ಒಂದು ಹಳ್ಳಿಯವಳು. ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆಗಿದ್ದು ನಿವೃತ್ತಿಯಾಗಿದೆ. ನಮ್ಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ, ನಾವೆಲ್ಲ ಈಗಲೂ ಲೈಬ್ರರಿ ಅಂತಲೇ ಕರೆಯುತ್ತೇವೆ, ಭಾನುವಾರ ಬೆಳಿಗ್ಗೆ 10ರಿಂದ 1ರ ತನಕ ಕೆಲವರು ಸೇರಿ ಕನ್ನಡ ವಿಕಿಪೀಡಿಯದಲ್ಲಿ ಬರೆಯುವುದು ಶುರು ಮಾಡಿದೆವು. ನಮ್ಮ ಊರು, ಕೆರೆ, ಅಡಿಕೆ ಕೆಲಸ, ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ, ಇವುಗಳ ಬಗ್ಗೆ ಕನ್ನಡದಲ್ಲಿ ಸರಿಯಾಗಿ ಇರಬೇಕು ಅನ್ನುವುದು ಆಸೆ.

ಮೊದಲ ಭಾನುವಾರ 14 ಜನ ಬಂದರು. ನನಗೆ ನಂಬಲಿಕ್ಕೇ ಆಗಲಿಲ್ಲ. ಪಿಯುಸಿ ಓದುವ ಐದು ಹುಡುಗಿಯರು, ಸೊಸೈಟಿಯಲ್ಲಿ ಕೆಲಸ ಮಾಡುವ ಇಬ್ಬರು, ನನ್ನ ಹಳೆಯ ವಿದ್ಯಾರ್ಥಿಗಳು, ಮತ್ತೆ ಚಿತ್ತಾರ ಬರೆಯುವ ಒಬ್ಬ ಅಜ್ಜಿ. ಅಜ್ಜಿಗೆ ಟೈಪ್ ಮಾಡಲು ಬರುವುದಿಲ್ಲ, ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು. ಇವರು ಹೇಳುವುದು, ಅವಳು ಬರೆಯುವುದು.

ಒಬ್ಬೊಬ್ಬರಾಗಿ ಖಾತೆ ತೆರೆದರು. ಆರು ಜನರದ್ದು ಆಯಿತು. ಏಳನೆಯವಳು ಆ ಮೊಮ್ಮಗಳು. ಅವಳಿಗೆ ಆಗಲಿಲ್ಲ. ಈ ಐಪಿ ವಿಳಾಸದಿಂದ (ನೆಟ್‌ನಲ್ಲಿ ನಮ್ಮ ಕನೆಕ್ಷನ್ ಗುರುತಿಸುವ ನಂಬರ್) 24 ಗಂಟೆಯಲ್ಲಿ ಆರು ಖಾತೆ ಆಗಿದೆ, ಇನ್ನು ಸದ್ಯಕ್ಕೆ ಆಗುವುದಿಲ್ಲ ಅಂತ ಬಂತು. ಅವಳು ತಾನೇ ಏನೋ ತಪ್ಪು ಒತ್ತಿದೆ ಅಂತ ತಿಳಿದು ಕೈ ಹಿಂದೆ ತೆಗೆದುಕೊಂಡಳು. ಆ ಮುಖ ನನಗೆ ಇನ್ನೂ ಕಣ್ಣ ಮುಂದೆ ಇದೆ.

ಎರಡನೆಯ ಭಾನುವಾರ ಉಳಿದವರಿಗೆ ನನ್ನ ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟೆ. ಅದರಲ್ಲಿ ಬೇರೆಯೇ ಸಂದೇಶ: ನೀವು ಬಳಸುತ್ತಿರುವ ಐಪಿ ವಿಳಾಸದ ಸಾಲನ್ನೇ, ಅಂದರೆ ಅಕ್ಕಪಕ್ಕದ ವಿಳಾಸಗಳನ್ನೆಲ್ಲ, ತಡೆಹಿಡಿಯಲಾಗಿದೆ, ಇಷ್ಟು ದಿನದ ತನಕ ಬದಲಾವಣೆ ಮಾಡುವಂತಿಲ್ಲ. ನಾವು ಒಂದು ಅಕ್ಷರ ಕೂಡ ಬರೆದಿರಲಿಲ್ಲ! ಮೂರನೆಯ ಭಾನುವಾರ ಮಳೆ. ಲೈಬ್ರರಿಯ ಫೈಬರ್ ಡಬ್ಬಿಯಲ್ಲಿ ಕೆಂಪು ದೀಪ. ಇಡೀ ಬೆಳಿಗ್ಗೆ ನೆಟ್ ಇರಲಿಲ್ಲ. 14 ಇದ್ದವರು 9 ಆದರು, ಆಮೇಲೆ 5.

ನೆಟ್ ಕಂಪನಿಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕು ಸಲವೂ 'ರೂಟರ್ ಆಫ್ ಮಾಡಿ ಆನ್ ಮಾಡಿ ಮೇಡಂ' ಅಂದರು. ಐಪಿ ವಿಷಯ ಹೇಳಿದರೆ 'ನಮ್ಮ ಕಡೆಯಿಂದ ಎಲ್ಲ ಸರಿ ಇದೆ' ಅಂದರು. ಯಾರೂ ಬಂದು ನೋಡಲಿಲ್ಲ. ಎರಡನೇ ದಿನ 'ನಿಮ್ಮ ದೂರು ಪರಿಹಾರವಾಗಿದೆ' ಅಂತ ಮೆಸೇಜ್ ಬಂತು.

ನನ್ನ ತಿಂಗಳ ಪಿಂಚಣಿಯಿಂದಲೇ ಈ ಕನೆಕ್ಷನ್ ದುಡ್ಡು ಕಟ್ಟುತ್ತಿರುವುದು. ಅದರ ಬೇಜಾರು ಅಲ್ಲ. ಮೊದಲ ದಿನ ಧೈರ್ಯ ಮಾಡಿ ಬಂದವರು 'ನಮಗೆ ಇದು ಆಗುವಂಥದ್ದಲ್ಲ' ಅಂತ ವಾಪಸ್ ಹೋದರಲ್ಲ, ಅದು ಸಹಿಸಲು ಆಗುತ್ತಿಲ್ಲ. ಈ ತಡೆ ಯಾಕೆ ಬರುತ್ತದೆ? ಕಂಪನಿಯವರ ಹತ್ತಿರ ಏನಂತ ಕೇಳಬೇಕು? ಕೇಳದಿದ್ದರೆ ಯಾರ ಹತ್ತಿರ ಹೋಗಬೇಕು?


ಹಲಸೂರು ಕೆರೆ

ಮೇಡಂ, ಮೊದಲು ಒಂದು ಮಾತು. ಆ ಹುಡುಗಿಗೆ ಹೇಳಿ, ಅವಳದ್ದು ಏನೂ ತಪ್ಪಿಲ್ಲ. ನಾನು ಬೆಂಗಳೂರಿನಲ್ಲಿ ಕಾಲೇಜುಗಳಲ್ಲಿ ಇಂಥ ಕಾರ್ಯಾಗಾರ ಮಾಡಿಸುತ್ತೇನೆ. ನನ್ನ ಮೊದಲ ಕಾರ್ಯಾಗಾರದಲ್ಲೂ ಹೀಗೇ ಆಗಿತ್ತು. 40 ಮಕ್ಕಳು, ಆರು ಖಾತೆ, ಅಷ್ಟೇ.

ಇಲ್ಲಿ ಎರಡು ಬೇರೆ ಬೇರೆ ಸಮಸ್ಯೆ ಇವೆ. ಆರರ ಮಿತಿ ವಿಕಿಪೀಡಿಯದವರೇ ಇಟ್ಟಿರುವುದು. ಒಂದೇ ಕಡೆಯಿಂದ ಯಂತ್ರ ಬಳಸಿ ನೂರಾರು ಸುಳ್ಳು ಖಾತೆ ತೆರೆಯುವವರನ್ನು ತಡೆಯಲು. ಒಂದು ಕೋಣೆಯಲ್ಲಿ 14 ಜನ ಕೂತರೂ ಹೊರಗಿನಿಂದ ನೋಡುವವರಿಗೆ ಒಂದೇ ಐಪಿ ಕಾಣುತ್ತದೆ, ಹಾಗಾಗಿ ಸಿಕ್ಕಿಹಾಕಿಕೊಳ್ಳುತ್ತೀರಿ. ಇದಕ್ಕೆ ಸುಲಭ ದಾರಿ: ಶನಿವಾರವೇ ಎಲ್ಲರೂ ಅವರವರ ಮನೆಯಲ್ಲಿ ಖಾತೆ ತೆರೆದುಕೊಂಡು ಬರಲಿ. ಆಗದವರಿಗೆ ಕನ್ನಡ ವಿಕಿಯ ನಿರ್ವಾಹಕರಲ್ಲಿ (ಅಲ್ಲಿನ ಮೇಲ್ವಿಚಾರಣೆ ನೋಡುವ ಸ್ವಯಂಸೇವಕರು) ಒಬ್ಬರನ್ನು ಕೇಳಿ. ಅವರು ಲಾಗಿನ್ ಆಗಿ ಇನ್ನೊಬ್ಬರಿಗೆ ಖಾತೆ ತೆರೆದರೆ ಆರರ ಮಿತಿ ಬರುವುದಿಲ್ಲ, ತಾತ್ಕಾಲಿಕ ಪಾಸ್‌ವರ್ಡ್ ಇಮೇಲ್‌ಗೆ ಬರುತ್ತದೆ. ದೊಡ್ಡ ಕಾರ್ಯಕ್ರಮವಾದರೆ ನಿಮ್ಮ ಐಪಿ, ದಿನಾಂಕ, ಎಷ್ಟು ಜನ ಅಂತ ಮೊದಲೇ ತಿಳಿಸಿ ಆ ದಿನದ ಮಟ್ಟಿಗೆ ಮಿತಿ ತೆಗೆಸಬಹುದು. ಆದರೆ ಅದಕ್ಕೆ ನಿಮ್ಮ ಐಪಿ ಬದಲಾಗದೆ ನಿಲ್ಲಬೇಕು. ನೆಟ್ ಕಂಪನಿ ಅಡ್ಡ ಬರುವುದು ಅಲ್ಲೇ.

ಎರಡನೆಯದು ಮೊಬೈಲ್‌ನ ತಡೆ. ಇದು ಸ್ವಲ್ಪ ಉದ್ದ, ಆದರೆ ಅರ್ಥವಾದರೆ ಕಂಪನಿಯವರ ಹತ್ತಿರ ಮಾತಾಡಲು ಗಟ್ಟಿ ನೆಲ ಸಿಗುತ್ತದೆ. ಹಳೆಯ ಬಗೆಯ ಐಪಿ ವಿಳಾಸಗಳು ಇಡೀ ಪ್ರಪಂಚಕ್ಕೆ ಸುಮಾರು 429 ಕೋಟಿ ಮಾತ್ರ. ಅವುಗಳನ್ನು ನಮ್ಮ ಏಷ್ಯಾ ಭಾಗಕ್ಕೆ ಹಂಚುವವರ ಹತ್ತಿರ 2011ರಲ್ಲೇ ಕೊನೆಯ ಕಂತು ಮಾತ್ರ ಉಳಿದಿತ್ತು. ಆಮೇಲೆ ಜನ ಬಂದರು, ಮೊಬೈಲ್ ಬಂತು, ವಿಳಾಸ ಬರಲಿಲ್ಲ. ಹಾಗಾಗಿ ಕಂಪನಿಗಳು ನೂರಾರು ಗ್ರಾಹಕರನ್ನು ಒಂದು ವಿಳಾಸದ ಹಿಂದೆ ಕೂರಿಸುತ್ತವೆ. ಊರಿಗೆಲ್ಲ ಒಂದೇ ಮನೆ ನಂಬರ್ ಕೊಟ್ಟ ಹಾಗೆ. ಅದರಲ್ಲಿ ಯಾರೋ ಒಬ್ಬ ಲೇಖನಗಳನ್ನು ಹಾಳು ಮಾಡುತ್ತಾನೆ. ಆ ನಂಬರಿಗೆ ತಡೆ ಬೀಳುತ್ತದೆ. ಪೆಟ್ಟು ನಿಮಗೆ. ಇದು ನಮ್ಮಲ್ಲಿ ಮಾತ್ರ ಅಲ್ಲ. ಘಾನಾ ಮತ್ತು ಆಫ್ರಿಕಾದ ಇನ್ನೂ ಕೆಲವು ದೇಶಗಳಲ್ಲಿ ಹೊಸ ಬರಹಗಾರರು ಇದೇ ಕಾರಣಕ್ಕೆ ಗುಂಪುಗುಂಪಾಗಿ ಹೊರಗೆ ಉಳಿದರು, 2022ರ ಹೊತ್ತಿಗೆ ಅವರು ದೊಡ್ಡ ದನಿಯಲ್ಲೇ ದೂರು ಹೇಳಿದರು.

ತಡೆಯ ಸಂದೇಶದಲ್ಲಿ ಒಂದು ಸಂಖ್ಯೆ ಇರುತ್ತದೆ, ಯಾರು ತಡೆದರು ಅಂತಲೂ ಇರುತ್ತದೆ. ಅದನ್ನು ಫೋಟೊ ತೆಗೆದಿಟ್ಟುಕೊಳ್ಳಿ. ಕನ್ನಡ ವಿಕಿಯಲ್ಲಿ ಮಾತ್ರದ ತಡೆಯಾದರೆ ಇಲ್ಲಿನ ನಿರ್ವಾಹಕರು ನೋಡುತ್ತಾರೆ. ಎಲ್ಲ ವಿಕಿಗಳಿಗೂ ಹಾಕಿದ ತಡೆಯಾದರೆ ಸ್ಟೀವರ್ಡ್ ಅನ್ನುವ, ಎಲ್ಲ ವಿಕಿಗಳನ್ನೂ ನೋಡಿಕೊಳ್ಳುವವರನ್ನು ಕೇಳಬೇಕು. ಖಾತೆ ಇರುವವರಿಗೆ ಐಪಿ ತಡೆಯಿಂದ ವಿನಾಯಿತಿ ಕೊಡುವ ವ್ಯವಸ್ಥೆ ಇದೆ. ಯಾಕೆ ಬೇಕು ಅಂತ ನಾಲ್ಕು ಸಾಲು ನೇರವಾಗಿ ಬರೆಯಿರಿ, ಸಾಕು.

ಒಂದು ಪರೀಕ್ಷೆ ಮಾಡಿ ಹೇಳಿ. ಲೈಬ್ರರಿ ರೂಟರ್‌ನ ಪುಟದಲ್ಲಿ ವ್ಯಾನ್ ಐಪಿ ಅಂತ ಇರುತ್ತದೆ, ಕಂಪನಿ ನಿಮ್ಮ ರೂಟರಿಗೆ ಕೊಟ್ಟ ವಿಳಾಸ. ಅದು 100.64ರಿಂದ 100.127ರ ಒಳಗೆ ಶುರುವಾಗುತ್ತದಾ?


ಕೆಮ್ಮಣ್ಣು

ಅಣ್ಣ, ತುಂಬಾ ಥ್ಯಾಂಕ್ಸ್. ಊರಿಗೆಲ್ಲ ಒಂದೇ ಮನೆ ನಂಬರ್ ಅಂದಿದ್ದು ನನಗೆ ತಕ್ಷಣ ಹೊಳೆಯಿತು. ಇವತ್ತು ಲೈಬ್ರರಿಯ ಹುಡುಗನ ಸಹಾಯದಿಂದ ನೋಡಿದೆ. 100.81 ಅಂತ ಶುರುವಾಗುತ್ತದೆ. ಹೊರಗೆ ಕಾಣುವ ಐಪಿ ಬೇರೆಯೇ ಇದೆ. ಮಧ್ಯಾಹ್ನ ಮತ್ತೆ ನೋಡಿದಾಗ ಹೊರಗಿನದ್ದು ಬದಲಾಗಿತ್ತು.


ತುಂಗಾ ತೀರದ ಲೈನ್‌ಮನ್

ನಮಸ್ಕಾರ ಮೇಡಂ. ನಾನು ತೀರ್ಥಹಳ್ಳಿ ಕಡೆ ಒಂಬತ್ತು ವರ್ಷ ಕೇಬಲ್ ಲೈನ್ ಕೆಲಸ ಮಾಡಿದವನು. ಈಗ ಬಿಟ್ಟು ತೋಟ ನೋಡಿಕೊಳ್ಳುತ್ತಿದ್ದೇನೆ. ನಮ್ಮ ಮನೆಯವರೂ ಟೀಚರ್. ನಿಮ್ಮ ಪತ್ರ ಓದಿ ಸುಮ್ನೆ ಇರಲು ಆಗಲಿಲ್ಲ.

100.81 ಅಂದರೆ ಕಂಪನಿ ನಿಮ್ಮನ್ನು ಹಂಚಿಕೆಯ ಐಪಿಯಲ್ಲಿ ಇಟ್ಟಿದೆ ಅಂತಲೇ ಅರ್ಥ. ಆ ಸಾಲನ್ನು 2012ರಲ್ಲಿ ಇದೇ ಕೆಲಸಕ್ಕೆ ಅಂತ ಬೇರೆ ಇಟ್ಟರು. ಕಾಲ್ ಸೆಂಟರಿನಲ್ಲಿ ಕೂತ ಹುಡುಗಿಗೆ ಇದು ಕಾಣುವುದೇ ಇಲ್ಲ. ಅವಳ ಮುಂದೆ ಇರುವುದು ನಿಮ್ಮ ಬಿಲ್ ಕಟ್ಟಿದೆಯೋ ಇಲ್ಲವೋ, ಲೈನ್ ಹಸಿರೋ ಕೆಂಪೋ, ಅಷ್ಟೇ. ನೀವು 'ನೆಟ್ ಸರಿ ಇಲ್ಲ' ಅಂದರೆ ಅವಳು ರೂಟರ್ ಆಫ್ ಮಾಡಿ ಅನ್ನಲೇಬೇಕು, ಹಾಗೇ ಹೇಳಿಕೊಟ್ಟಿರುತ್ತಾರೆ. ನೀವು ಕೇಳಬೇಕಾದ್ದು ಎರಡೇ ಮಾತು: 'ನಮಗೆ ಸ್ಟ್ಯಾಟಿಕ್ ಪಬ್ಲಿಕ್ ಐಪಿ ಬೇಕು' (ನಿಮಗೊಬ್ಬರಿಗೇ ಇರುವ, ಬದಲಾಗದ ವಿಳಾಸ) ಮತ್ತು 'ನಮ್ಮ ಲೈನಿಗೆ ಐಪಿವಿ6 ಆನ್ ಮಾಡಿ' (ಹೊಸ ಬಗೆಯ ಐಪಿ ವಿಳಾಸ). ಮೊದಲನೆಯದಕ್ಕೆ ಜಾಸ್ತಿ ದುಡ್ಡು ಕೇಳಬಹುದು, ಇಲ್ಲ ಅನ್ನಲೂಬಹುದು. ಎರಡನೆಯದಕ್ಕೆ ದುಡ್ಡು ಕೇಳುವ ಕಾರಣವೇ ಇಲ್ಲ. ಐಪಿವಿ6ರಲ್ಲಿ ವಿಳಾಸಕ್ಕೆ ಬರ ಇಲ್ಲ, ಒಂದೊಂದು ಮನೆಗೂ ಬೇರೆ ಸಾಲೇ ಸಿಗುತ್ತದೆ. ಪಕ್ಕದ ಮನೆಯವರ ತಪ್ಪು ನಿಮ್ಮ ತಲೆಗೆ ಬರುವುದು ಕಡಿಮೆಯಾಗುತ್ತದೆ. ಎಷ್ಟೋ ಕಡೆ ಕಂಪನಿ ಕೊಟ್ಟಿರುತ್ತದೆ, ರೂಟರಿನಲ್ಲಿ ಆಫ್ ಇರುತ್ತದೆ.

ಈಗ ಕೆಂಪು ದೀಪ. ಆ ದೀಪದ ಕೆಳಗೆ ಎಲ್‌ಒಎಸ್ ಅಂತ ಬರೆದಿದ್ದರೆ ಬೆಳಕು ನಿಮ್ಮ ಡಬ್ಬಿಯ ತನಕ ಬರುತ್ತಿಲ್ಲ. ನಿಮ್ಮ ರೂಟರ್ ಎಷ್ಟು ಸಲ ಆಫ್ ಮಾಡಿದರೂ ಪ್ರಯೋಜನವಿಲ್ಲ. ಮಲೆನಾಡಿನ ಮಳೆಯಲ್ಲಿ ನಾನು ನೋಡಿದ ಕಾರಣಗಳು ಇವು. ಜಾಯಿಂಟ್ ಬಾಕ್ಸ್‌ನ ಮುಚ್ಚಳ ಸರಿ ಕೂರದೆ ನೀರು ಹೋಗಿರುತ್ತದೆ. ಕೊಂಬೆ ಬಿದ್ದು ಕೇಬಲ್ ಜಗ್ಗಿ ಒಳಗಿನ ಎಳೆ ಬಿರುಕು ಬಿಟ್ಟಿರುತ್ತದೆ. ಕಂಬಕ್ಕೆ ಕಟ್ಟುವಾಗ ಕೇಬಲ್ ಜಾಸ್ತಿ ಬಾಗಿದ್ದರೂ ಬೆಳಕು ಸೋರುತ್ತದೆ, ಇದು ಹೊರಗೆ ಕಾಣುವುದೇ ಇಲ್ಲ.

ಹಾಗಾಗಿ ಒಂದು ಕೆಲಸ ಮಾಡಿ. ರೂಟರ್ ಪುಟದಲ್ಲಿ ಆಪ್ಟಿಕಲ್ ಪವರ್, ಅಂದರೆ ಬರುವ ಬೆಳಕು ಎಷ್ಟು ಗಟ್ಟಿ ಅಂತ, ಮೈನಸ್ ಇರುವ ಒಂದು ಸಂಖ್ಯೆ ಇರುತ್ತದೆ. ಮೈನಸ್ 20ರ ಆಸುಪಾಸು ಇದ್ದರೆ ಆರಾಮ. ಮೈನಸ್ 27 ದಾಟಿದರೆ ಡಬ್ಬಿ ಕಷ್ಟಪಡುತ್ತದೆ. ಒಣ ದಿನ ಎಷ್ಟು, ಮಳೆಯ ದಿನ ಎಷ್ಟು, ಪುಸ್ತಕದಲ್ಲಿ ಬರೆದಿಡಿ. ದೂರು ಕೊಡುವಾಗ ಆ ಸಂಖ್ಯೆ ಹೇಳಿ. ಲೈನ್ ಹುಡುಗರಿಗೆ ಅದು ಅರ್ಥವಾಗುತ್ತದೆ. ನಾನೂ ಅಂಥ ಫೋನ್ ಬಂದರೆ ಮೊದಲು ಅಲ್ಲಿಗೇ ಗಾಡಿ ತಿರುಗಿಸುತ್ತಿದ್ದೆ, ಯಾಕೆಂದರೆ ಹುಡುಕುವ ಕೆಲಸ ಅರ್ಧ ಮುಗಿದಿರುತ್ತಿತ್ತು.

ಇನ್ನೊಂದು. ಕರೆಂಟ್ ಹೋದಾಗ ಎಷ್ಟು ನಿಮಿಷಕ್ಕೆ ನೆಟ್ ಹೋಗುತ್ತದೆ ಅಂತ ಗಡಿಯಾರ ನೋಡಿ. ಲೈಬ್ರರಿಯಲ್ಲಿ ಯುಪಿಎಸ್ ಇದ್ದೂ ಪ್ರತಿ ಸಲ ಇಪ್ಪತ್ತೋ ಮೂವತ್ತೋ ನಿಮಿಷಕ್ಕೆ ಸರಿಯಾಗಿ ಹೋದರೆ, ಆ ಕಡೆ ಆಪರೇಟರ್ ಕೋಣೆಯ ಬ್ಯಾಟರಿ ಸತ್ತಿದೆ. ಮಧ್ಯದ ಫೈಬರಿಗೆ ಕರೆಂಟ್ ಬೇಡ, ಎರಡು ತುದಿಗೆ ಬೇಕು. ಬ್ಯಾಟರಿ ಹಾಕಿಸಿ ಅಂತ ನೇರವಾಗಿ ಆಪರೇಟರನ್ನೇ ಕೇಳಿ. ಅವರೂ ಊರಿನವರೇ, ಮುಖ ನೋಡಿ ಕೇಳಿದರೆ ಮಾಡುತ್ತಾರೆ.


ನೇತ್ರಾವತಿ ದಂಡೆ

ಟೀಚರ್, ನಾನು ಮಂಗಳೂರು ಕಡೆಯವಳು, ತುಳು ವಿಕಿಪೀಡಿಯದಲ್ಲಿ ಬರೆಯುತ್ತೇನೆ. ನೆಟ್ ವಿಷಯ ಹೇಳಲು ಬೇರೆಯವರು ಇದ್ದಾರೆ. ನಾನು ಜನರ ವಿಷಯ ಹೇಳುತ್ತೇನೆ.

ತುಳು ವಿಕಿ 2008ರಿಂದ ಇನ್‌ಕ್ಯುಬೇಟರ್ ಅನ್ನುವ, ಹೊಸ ಭಾಷೆಯ ವಿಕಿಗಳನ್ನು ಬೆಳೆಸುವ ಜಾಗದಲ್ಲಿ ಇತ್ತು. ಸ್ವಂತ ವಿಳಾಸ ಸಿಕ್ಕಿದ್ದು 2016ರ ಆಗಸ್ಟಿನಲ್ಲಿ. ಎಂಟು ವರ್ಷ! ಹಾಗಾಗಿ 14 ಜನ 5 ಆದರು ಅಂತ ಎದೆಗುಂದಬೇಡಿ. ಬಿಡದೆ ಬರುವ ಐದು ಜನ ತುಂಬಾ ದೊಡ್ಡ ಸಂಖ್ಯೆ. ಕನ್ನಡ ವಿಕಿ 2003ರಲ್ಲಿ ಶುರುವಾದಾಗಲೂ ಕೈಬೆರಳಿನಲ್ಲಿ ಎಣಿಸುವಷ್ಟೇ ಜನ ಇದ್ದಿದ್ದು.

ಆದರೆ ಹೋದ ಒಂಬತ್ತು ಜನರನ್ನು ಬಿಡಬೇಡಿ. ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಿ. ಗುಂಪಿಗೆ ಮೆಸೇಜ್ ಹಾಕಿದರೆ ಯಾರೂ ಬರುವುದಿಲ್ಲ, ನನ್ನ ಅನುಭವ. 'ನಿನ್ನ ತಪ್ಪಲ್ಲ, ಕಂಪನಿಯ ಲೈನ್ ಹಾಗಿತ್ತು, ನಾನು ಸರಿ ಮಾಡಿಸುತ್ತಿದ್ದೇನೆ' ಅಂತ ಟೀಚರ್ ಬಾಯಿಂದ ಕೇಳಿದರೆ ಬಂದೇ ಬರುತ್ತಾರೆ.

ನೆಟ್ ಇಲ್ಲದ ದಿನಕ್ಕೂ ಕೆಲಸ ಇಟ್ಟುಕೊಳ್ಳಿ. ನಮ್ಮಲ್ಲಿ ಮಳೆಗಾಲದ ಭಾನುವಾರ ಕೈಬರಹದ ದಿನ. ಲೇಖನವನ್ನು ನೋಟ್‌ಬುಕ್ಕಿನಲ್ಲಿ ಬರೆಯುವುದು, ಒಬ್ಬರದ್ದು ಇನ್ನೊಬ್ಬರು ತಿದ್ದುವುದು. ಕಪಾಟಿನ ಪುಸ್ತಕಗಳಿಂದ ಉಲ್ಲೇಖ ಹುಡುಕಿ ಪುಟದ ಸಂಖ್ಯೆ ಬರೆದಿಡುವುದು. ನೆಟ್ ಬಂದ ದಿನ ಟೈಪ್ ಮಾಡುವುದು ಮಾತ್ರ ಬಾಕಿ ಇರುತ್ತದೆ.

ಆ ಅಜ್ಜಿಯ ವಿಷಯ ಓದಿ ಖುಷಿಯಾಯಿತು, ಜೊತೆಗೆ ಒಂದು ಎಚ್ಚರಿಕೆ ಹೇಳಬೇಕು ಅನ್ನಿಸಿತು. ಅಜ್ಜಿ ಹೇಳಿದ್ದನ್ನು ಹಾಗೇ ಲೇಖನದಲ್ಲಿ ಬರೆದರೆ 'ಉಲ್ಲೇಖ ಎಲ್ಲಿ' ಅಂತ ಯಾರಾದರೂ ತೆಗೆದುಹಾಕಬಹುದು. ವಿಕಿಪೀಡಿಯಕ್ಕೆ ಪ್ರಕಟವಾದ ಆಧಾರ ಬೇಕು. ನಮ್ಮ ಭೂತಾರಾಧನೆಯ ಲೇಖನಗಳಲ್ಲಿ ಈ ನೋವು ನಾವು ಪಟ್ಟಿದ್ದೇವೆ. ಈಗಾಗಲೇ ಐಪಿ ತಡೆಯಿಂದ ಬೇಜಾರಾದ ಹುಡುಗಿಗೆ ಇನ್ನೊಂದು ಪೆಟ್ಟು ಬೀಳುವುದು ಬೇಡ. ಹಸೆ ಚಿತ್ತಾರದ ಬಗ್ಗೆ ಜಾನಪದ ಪುಸ್ತಕಗಳಲ್ಲಿ, ಪತ್ರಿಕೆಗಳಲ್ಲಿ ಬಂದಿರುತ್ತದೆ, ನಿಮ್ಮ ಲೈಬ್ರರಿಯಲ್ಲೇ ಹುಡುಕಿ. ಮತ್ತೆ ಅಜ್ಜಿ ಬಣ್ಣ ಮಾಡುವುದನ್ನು, ಕುಂಚ ಮಾಡುವುದನ್ನು ಫೋಟೊ ತೆಗೆದು ಕಾಮನ್ಸ್‌ಗೆ, ಅಂದರೆ ವಿಕಿಪೀಡಿಯದ ಫೋಟೊಗಳನ್ನು ಇಡುವ ಜಾಲತಾಣಕ್ಕೆ, ಹಾಕಿ. ನೀವೇ ತೆಗೆದ ಫೋಟೊಗೆ ಆ ಥರದ ಉಲ್ಲೇಖ ಯಾರೂ ಕೇಳುವುದಿಲ್ಲ. ಅಜ್ಜಿಯ ಒಪ್ಪಿಗೆ ಮಾತ್ರ ಕೇಳಿಕೊಳ್ಳಿ.


ಧಾರವಾಡ ಪೇಡೆ

ದೂರಿನ ದಾರಿ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ. ಗ್ರಾಹಕರ ಕೇಸುಗಳನ್ನು ನೋಡುವ ವಕೀಲ ನಾನು.

ಅಕ್ಕಾರೆ, ಫೋನ್ ಮಾಡಿದಾಗ ಪ್ರತಿ ಸಲ ದೂರಿನ ನಂಬರ್ ಕೇಳಿ ಬರೆದಿಟ್ಟುಕೊಳ್ಳಿ. ಕೊಡಲೇಬೇಕು. ಸರಿ ಮಾಡದೆ ಮುಚ್ಚಿದರೆ ಅದೇ ಕಂಪನಿಯಲ್ಲಿ ಮೇಲ್ಮನವಿ ಪ್ರಾಧಿಕಾರ ಅಂತ ಇರುತ್ತದೆ, ಅಲ್ಲಿಗೆ 30 ದಿನದೊಳಗೆ ಬರೆಯಿರಿ. ಶುಲ್ಕ ಇಲ್ಲ. 39 ದಿನದೊಳಗೆ ಅವರು ತೀರ್ಮಾನ ಹೇಳಬೇಕು. ಇದು ಟ್ರಾಯ್ (ಟೆಲಿಕಾಂ ಕಂಪನಿಗಳಿಗೆ ನಿಯಮ ಮಾಡುವ ಕೇಂದ್ರದ ಪ್ರಾಧಿಕಾರ) 2012ರಲ್ಲಿ ಮಾಡಿದ ನಿಯಮ. ತುಂಬಾ ಜನ ನೇರವಾಗಿ ಟ್ರಾಯ್‌ಗೇ ಪತ್ರ ಬರೆದು ಕಾಯುತ್ತಾ ಕೂರುತ್ತಾರೆ. ಟ್ರಾಯ್ ಒಬ್ಬೊಬ್ಬರ ದೂರನ್ನು ತೀರ್ಮಾನ ಮಾಡುವುದಿಲ್ಲ.

ಅಲ್ಲೂ ಆಗದಿದ್ದರೆ 1915ಕ್ಕೆ ಫೋನ್ ಮಾಡಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಕೊನೆಯದಾಗಿ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. ಟೆಲಿಕಾಂ ವಿಷಯ ಗ್ರಾಹಕ ಕೋರ್ಟಿಗೆ ಬರುವುದಿಲ್ಲ ಅಂತ ಕಂಪನಿಗಳು ಬಹಳ ವರ್ಷ ವಾದ ಮಾಡುತ್ತಿದ್ದವು. 2022ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ತಳ್ಳಿಹಾಕಿತು. 5 ಲಕ್ಷದ ತನಕದ ವ್ಯವಹಾರಕ್ಕೆ ಶುಲ್ಕ ಇಲ್ಲ.

ಸ್ಪೀಡ್ ಕೂಡ ಅಳೆದು ಬರೆದಿಡಿ. 2023ರಿಂದ ಬ್ರಾಡ್‌ಬ್ಯಾಂಡ್ ಅಂತ ಕರೆಯಬೇಕಾದರೆ ಕನಿಷ್ಠ 2 ಎಂಬಿಪಿಎಸ್ ಇರಬೇಕು. ಅದಕ್ಕಿಂತ ಕಡಿಮೆ ಬಂದ ದಿನಗಳ ಪಟ್ಟಿ ನಿಮ್ಮ ಕೈಯಲ್ಲಿ ಇದ್ದರೆ ಪತ್ರಕ್ಕೆ ತೂಕ ಬರುತ್ತದೆ. ಕನೆಕ್ಷನ್ ನಿಮ್ಮ ಹೆಸರಿನಲ್ಲಿ ಇದೆಯಾ, ಪಂಚಾಯಿತಿ ಹೆಸರಿನಲ್ಲಿ ಇದೆಯಾ? ಯಾರ ಹೆಸರಿನಲ್ಲಿ ಬಿಲ್ ಇದೆಯೋ ಅವರೇ ಸಹಿ ಮಾಡಬೇಕು.


ಕೆಮ್ಮಣ್ಣು

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಆಗಿದ್ದನ್ನೆಲ್ಲ ಹೇಳಬೇಕು ನಿಮಗೆ.

ಬಿಲ್ ನನ್ನ ಹೆಸರಿನಲ್ಲೇ ಇದೆ. ಲೈನ್‌ಮನ್ ಅಣ್ಣ ಹೇಳಿದ ಹಾಗೆ ಒಂದು ವಾರ ಪುಸ್ತಕದಲ್ಲಿ ಬರೆದೆ. ಒಣ ದಿನ ಮೈನಸ್ 25, ಮಳೆಯ ದಿನ ಮೈನಸ್ 29. ಫೋನಿನಲ್ಲಿ ಆ ಸಂಖ್ಯೆ ಹೇಳಿದೆ. ಮಾರನೆಯ ದಿನವೇ ಇಬ್ಬರು ಹುಡುಗರು ಬೈಕಿನಲ್ಲಿ ಬಂದರು! ಹಲಸಿನ ಮರದ ಹತ್ತಿರದ ಕಂಬದಲ್ಲಿ ಜಾಯಿಂಟ್ ಬಾಕ್ಸ್ ತೆಗೆದರೆ ಒಳಗೆ ನೀರು, ಇರುವೆ ಗೂಡು. ಕತ್ತರಿಸಿ ಹೊಸದಾಗಿ ಜೋಡಿಸಿದರು. ಈಗ ಮೈನಸ್ 21. ಆ ಹುಡುಗರಲ್ಲಿ ಒಬ್ಬ ನನ್ನ ಹತ್ತಿರ ಓದಿದವನು. 'ಟೀಚರ್, ಮೊದಲೇ ನನಗೆ ಹೇಳಬಾರದಿತ್ತಾ' ಅಂದ. ಐಪಿವಿ6 ರೂಟರಿನಲ್ಲಿ ಆಫ್ ಇತ್ತು, ಅವನೇ ಆನ್ ಮಾಡಿಕೊಟ್ಟ. ಸ್ಟ್ಯಾಟಿಕ್ ಐಪಿ ಮಾತ್ರ ಮನೆ ಪ್ಲಾನಿಗೆ ಇಲ್ಲವೇ ಇಲ್ಲ ಅಂದರು. ಅದಕ್ಕೆ ದೂರಿನ ನಂಬರ್ ಹಾಕಿ ಮೇಲ್ಮನವಿ ಬರೆದಿದ್ದೇನೆ, ಇವತ್ತಿಗೆ 11 ದಿನ. ಬ್ಯಾಟರಿ ವಿಷಯಕ್ಕೆ ಆಪರೇಟರ್ ಮನೆಗೇ ಹೋಗಿದ್ದೆ. ದೀಪಾವಳಿ ಒಳಗೆ ಹಾಕಿಸುತ್ತೇನೆ ಅಂದಿದ್ದಾರೆ.

ಒಂಬತ್ತು ಜನರಿಗೂ ಫೋನ್ ಮಾಡಿದೆ. ನಾಲ್ಕು ಜನ ಬಂದರು, ಒಟ್ಟು ಒಂಬತ್ತು ಆದೆವು. ಖಾತೆ ಎಲ್ಲರದ್ದೂ ಶನಿವಾರವೇ ಮನೆಯಲ್ಲಿ ಆಗಿತ್ತು, ಇಬ್ಬರಿಗೆ ನಿರ್ವಾಹಕರೊಬ್ಬರು ತೆರೆದುಕೊಟ್ಟರು. ನನ್ನ ಮೊಬೈಲಿನ ತಡೆ ಎಲ್ಲ ವಿಕಿಗಳದ್ದು, ವಿನಾಯಿತಿ ಕೇಳಿದ್ದೇನೆ.

ಅಜ್ಜಿಯೂ ಮೊಮ್ಮಗಳೂ ಬಂದರು. ಕೆಂಪಿಗೆ ಕೆಮ್ಮಣ್ಣು, ಬಿಳಿಗೆ ಅಕ್ಕಿ ಹಿಟ್ಟು, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರುಗೆ ಕಾಯಿ. ಇವಿಷ್ಟಕ್ಕೂ ನಮ್ಮ ಕಪಾಟಿನಲ್ಲೇ ಒಂದು ಜಾನಪದ ಪುಸ್ತಕದಲ್ಲಿ ಆಧಾರ ಸಿಕ್ಕಿತು. ಹುಡುಗಿ ಪುಟದ ಸಂಖ್ಯೆ ಹಾಕಿ ಐದು ಸಾಲು ಸೇರಿಸಿದಳು. ಪ್ರಕಟವಾಯಿತು. ಅಜ್ಜಿ ತೆರೆಯ ಮೇಲೆ ಬೆರಳಿಟ್ಟು ಗುರುಗೆ ಅನ್ನುವ ಶಬ್ದ ಎಲ್ಲಿದೆ ಅಂತ ತೋರಿಸಲು ಹೇಳಿದರು. ಇವತ್ತಿನ ತನಕ ಆ ಸಾಲುಗಳು ಹಾಗೇ ಇವೆ.

ಪುಂಡಿ ನಾರಿನಿಂದ ಕುಂಚ ಮಾಡುವ 23 ಫೋಟೊ ತೆಗೆದಿದ್ದೇವೆ, ಅಜ್ಜಿ ಒಪ್ಪಿದ್ದಾರೆ. ನೇತ್ರಾವತಿ ಅವರೇ, ಕಾಮನ್ಸ್‌ಗೆ ಹಾಕುವಾಗ ಯಾವ ವರ್ಗದಲ್ಲಿ ಸೇರಿಸಬೇಕು? ಭಾನುವಾರದ ಒಳಗೆ ಹೇಳಿದರೆ ಆ ದಿನವೇ ಹಾಕಿಬಿಡುತ್ತೇವೆ.